ಕಿವಿಪಟ್ಟಿ ಶಾಸ್ತ್ರ

ಪ್ರಭುವಿನ ಕಿವಿಯ ಹಿಂದೆ ಅಂಟಿಸಿದ ಪಟ್ಟಿಯ ಹಸಿರು ಚುಕ್ಕೆ ಎರಡು ಸಲ ಮಿನುಗಿ ಆರಿತು. ಅಂದರೆ ಅವನಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಅವನು ತಿಂಗಳುಗಟ್ಟಲೆ ಕೂತು ಕಟ್ಟಿದ್ದ ಸೇತುವೆಯ ಮಾದರಿಯನ್ನು ತಂಗಿ ಹಂಸಿನಿ ಆಗಷ್ಟೇ ಮೇಜಿನಿಂದ ನೂಕಿ ಕೆಡವಿದ್ದಳು. ಹದಿನಾರರ ಹುಡುಗ ಚೂರುಗಳನ್ನು ಆರಿಸಿ ಡಬ್ಬಿಗೆ ತುಂಬಿ, ಕೈ ತೊಳೆದು ಬಂದು ಕೂತ.

"ನೋಡಿದೆಯಾ ಅಕ್ಕ?" ಎಂದ ಅವನ ತಂದೆ ಡಾಕ್ಟರ್ ಶಿವಯೋಗಿ. ಆ ಪಟ್ಟಿಯನ್ನು ಕಂಡುಹಿಡಿದವನು ಅವನೇ.

"ನೋಡಿದೆ. ನಮ್ಮ ಮನೆಯ ರುಬ್ಬುವ ಕಲ್ಲೂ ಹೀಗೇ. ಏನು ಮಾಡಿದರೂ ಸಿಟ್ಟಾಗುವುದಿಲ್ಲ" ಎಂದಳು ನೀಲಾಂಬಿಕೆ.

ಹಂಸಿನಿ ದೊಡ್ಡವಳಾಗಿದ್ದಳು. ಸೋದರತ್ತೆಯೇ ಮೊದಲ ಆರತಿ ಎತ್ತಬೇಕು, ಎಳ್ಳು-ಬೆಲ್ಲದ ಚಿಗಳಿ ಉಂಡೆ ತಿನ್ನಿಸಬೇಕು. ಅದಕ್ಕಾಗಿ ನೀಲಾಂಬಿಕೆ ದಾವಣಗೆರೆಗೆ ಬಂದು ಮೂರು ದಿನವಾಗಿತ್ತು. ಈಗ ಇನ್ನೊಂದು ಶಾಸ್ತ್ರವೂ ಸೇರಿಕೊಂಡಿತ್ತು: ಆರತಿಯ ನಂತರ ಅತ್ತೆಯೇ ಹುಡುಗಿಯ ಕಿವಿಯ ಹಿಂದೆ ಭಾವಸಮಕವನ್ನು, ಅಂದರೆ ಈ ಪಟ್ಟಿಯನ್ನು, ಕೂರಿಸಬೇಕು. ಆ ಸಾಧನವನ್ನು ಮಾಡಲು ಅವಳ ತಮ್ಮನಿಗೆ ಅರ್ಧ ಆಯುಷ್ಯ ಹಿಡಿದಿತ್ತು. ಅದಕ್ಕೊಂದು ಹಾಡು, ಅಕ್ಕಿಕಾಳು, ಬೆಳ್ಳಿ ತಟ್ಟೆ ಜೋಡಿಸಲು ಈ ಊರಿನ ಹೆಂಗಸರಿಗೆ ಎರಡು ವರ್ಷವೂ ಬೇಕಾಗಲಿಲ್ಲ.

"ಸರಿಯಾಗಿ ಕೇಳು" ಎಂದ ಶಿವಯೋಗಿ, ಸಭೆಯಲ್ಲಿ ಮಾತನಾಡುವ ದನಿಯಲ್ಲಿ. "ಹರೆಯ ಬಂದಾಗ ಮಿದುಳಿನ ಆಳದಲ್ಲಿರುವ ಭಾವಕೇಂದ್ರ ಮೊದಲು ಕೆರಳುತ್ತದೆ. ಅದನ್ನು ಹಿಡಿತದಲ್ಲಿಡಬೇಕಾದ ವಿವೇಚನಾಕೇಂದ್ರ ಹಣೆಯ ಹಿಂದಿದೆ. ಅದು ಬಲಿಯುವುದು ಎಷ್ಟೋ ವರ್ಷಗಳ ಮೇಲೆ. ಈ ನಡುವೆ ಯಾರಾದರೂ ಸುಮ್ಮನೆ ನೋಡಿದರೂ ಬೈದಂತೆ ಅನ್ನಿಸುತ್ತದೆ, ಸಣ್ಣ ಮಾತಿಗೂ ಲೋಕ ಮುಳುಗುತ್ತದೆ. ಕುದುರೆ ಬಂದಿದೆ, ಸವಾರ ಇನ್ನೂ ತೊಟ್ಟಿಲಲ್ಲಿದ್ದಾನೆ. ಅವನು ಬೆಳೆಯುವವರೆಗೆ ನನ್ನ ಪಟ್ಟಿ ಲಗಾಮು ಹಿಡಿಯುತ್ತದೆ."

"ಕುದುರೆ ಹತ್ತದೆ ಸವಾರ ಬೆಳೆಯುವುದು ಹೇಗಪ್ಪ?"

ಶಿವಯೋಗಿ ನಕ್ಕ. ಉತ್ತರ ಗೊತ್ತಿಲ್ಲದಾಗ ಅವನು ಚಿಕ್ಕಂದಿನಿಂದಲೂ ಹೀಗೇ ನಗುತ್ತಿದ್ದ. "ಅಂಕಿಅಂಶ ಬೇರೆ ಹೇಳುತ್ತವೆ ಅಕ್ಕ. ಹೋದ ತಿಂಗಳು ಅವರಜ್ಜಿ ತೀರಿಕೊಂಡ ದಿನವೂ ಪ್ರಭು ಪರೀಕ್ಷೆ ಬರೆದ. ತರಗತಿಗೇ ಮೊದಲಿಗ."

ಅದು ನೀಲಾಂಬಿಕೆಗೆ ಗೊತ್ತಿತ್ತು. ಅಜ್ಜಿಯ ಮಣ್ಣಿಗೂ ಅವಳು ಬಂದಿದ್ದಳು. ಪರೀಕ್ಷೆ ಮುಗಿಸಿ ಬಂದ ಹುಡುಗ, ಹೆತ್ತವಳನ್ನು ಆಗಷ್ಟೇ ಮಣ್ಣಿಗಿಟ್ಟು ಬಂದಿದ್ದ ಅಮ್ಮನ ಎದುರು ನಿಂತು, "ಇವತ್ತು ತಿಂಡಿ ಏನು?" ಎಂದು ಕೇಳಿದ್ದ.

ಶಿವಯೋಗಿಯ ಹೆಂಡತಿ ಕುಸುಮಾ ಕಾಫಿ ತಂದಿಟ್ಟು, ಮಾತಿಲ್ಲದೆ ಒಳಗೆ ಹೋದಳು.

"ಮನೆ ಎಷ್ಟು ಶಾಂತವಾಗಿದೆ ನೋಡು" ಎಂದ ಶಿವಯೋಗಿ.

ಸಂಜೆ ನಡುಮನೆಯ ತುಂಬ ಹೆಂಗಸರು. ಪಟ್ಟಿ ಹಾಕಿಸಿದ ಮಕ್ಕಳ ತಾಯಂದಿರ ಗತ್ತೇ ಬೇರೆ.

"ನಮ್ಮವನು ಸಾಕಿದ ನಾಯಿ ಸತ್ತಾಗಲೂ ಹೋಂವರ್ಕ್ ಬಿಡಲಿಲ್ಲ ಕಣ್ರೀ."

"ನಮ್ಮವಳಂತೂ ಯಾವ ಸೀರೆ ಕೊಟ್ಟರೂ ಉಟ್ಟುಕೊಳ್ತಾಳೆ."

ಇವರಿಗೆ ಮಕ್ಕಳು ಬೇಕಿರಲಿಲ್ಲ, ಒಗೆದು ಮಡಿಸಿಟ್ಟ ಬಟ್ಟೆ ಬೇಕಿತ್ತು ಎಂದುಕೊಂಡಳು ನೀಲಾಂಬಿಕೆ.

ಹಂಸಿನಿ ಹಸೆಯ ಮೇಲೆ ಮುಖ ಗಂಟಿಕ್ಕಿಕೊಂಡು ಕೂತಿದ್ದಳು. ಬೆಳಗಿನಿಂದ ಅವಳದು ಒಂದೇ ಜಗಳ: "ಊರಿಗೆಲ್ಲ ಯಾಕೆ ಹೇಳಿದಿರಿ? ಅಣ್ಣನ ಗೆಳೆಯರಿಗೂ ಗೊತ್ತಾಯ್ತು!" ಸೇತುವೆ ಮುರಿದದ್ದೂ ಅದೇ ಸಿಟ್ಟಿಗೆ. ಆರತಿ ಮುಗಿದು ಚಿಗಳಿ ತಿನ್ನಿಸಲು ಹೋದರೆ ಬಾಯಿ ಬಿಗಿದುಕೊಂಡಳು.

"ಇನ್ನೊಂದು ಗಳಿಗೆ ತಡೀರಿ" ಎಂದು ಯಾರೋ ನಕ್ಕರು. "ಆಮೇಲೆ ಹಸುವಿನ ಹಾಗೆ ಆಗ್ತಾಳೆ."

ನೀಲಾಂಬಿಕೆ ತಟ್ಟೆಯಿಂದ ಪಟ್ಟಿಯನ್ನು ಎತ್ತಿಕೊಂಡಳು. ಉಗುರಿಗಿಂತ ಸ್ವಲ್ಪ ದೊಡ್ಡದು, ಹಲ್ಲಿಯ ಹೊಟ್ಟೆಯಷ್ಟು ತಣ್ಣಗೆ. ಹುಡುಗಿ ತಲೆ ಸರಿಸಿದಳು.

"ಅತ್ತೆ, ನಾನೂ ಹಾಕಿಕೊಂಡರೆ ಅಮ್ಮನ್ನ ಯಾರು ನೋಡ್ತಾರೆ?"

"ಅಮ್ಮನಿಗೆ ಏನಾಗಿದೆಯೇ?" ಎಂದ ಬಾಗಿಲಲ್ಲಿ ನಿಂತಿದ್ದ ಶಿವಯೋಗಿ.

"ಅಜ್ಜಿ ಹೋದಾಗಿನಿಂದ ದಿನಾ ಅಳ್ತಾಳೆ. ಬಚ್ಚಲಲ್ಲಿ, ನಲ್ಲಿ ಬಿಟ್ಟುಕೊಂಡು. ಮುಖ ನೋಡಿದರೆ ತಿಳಿಯಲ್ವಾ ನಿಮಗೆ? ಅಣ್ಣನಿಗೆ ಹೇಳಿದರೆ, ನೆಗಡಿಯಾಗಿರಬೇಕು ಅಂತಾನೆ!"

ಹಾಡುವವರು ನಿಲ್ಲಿಸಿದರು. ಮೂರು ದಿನದಿಂದ ತಮ್ಮನನ್ನೂ ಊರನ್ನೂ ಹಳಿಯುತ್ತಿದ್ದ ನೀಲಾಂಬಿಕೆ ಈಗ ಮೊದಲ ಬಾರಿಗೆ ಕುಸುಮಾಳ ಮುಖವನ್ನು ನೋಡಿದಳು. ರೆಪ್ಪೆಗಳು ಬಾತುಕೊಂಡಿದ್ದವು. ಈ ಮನೆಯ ಮೌನವನ್ನು, ತಮ್ಮನ ಹಾಗೆ, ತಾನೂ ಪಟ್ಟಿಯ ಲೆಕ್ಕಕ್ಕೇ ಬರೆದಿದ್ದಳು.

ಕುಸುಮಾ ಮುಂದೆ ಬಂದು ಕೈ ಚಾಚಿದಳು. "ಕೊಡಿ ಅಕ್ಕ. ಅದು ಬೇಕಾಗಿರುವುದು ನನಗೆ."

ತನ್ನ ಕಿವಿಯ ಹಿಂದೆ ಅದನ್ನು ಒತ್ತಿಕೊಂಡಳು. ಚುಕ್ಕೆ ಮಿನುಗಲಿಲ್ಲ.

"ಅದು ದೊಡ್ಡವರಿಗೆ ಹತ್ತುವುದಿಲ್ಲ ಕುಸುಮಾ" ಎಂದ ಶಿವಯೋಗಿ, ತಡೆಯಲಾಗದೆ. "ಬಲಿತ ಮಿದುಳಿನಲ್ಲಿ—"

"ಗೊತ್ತು ರೀ. ನಿಮ್ಮ ಕಪಾಟಿನಿಂದ ಕದ್ದು ಹಾಕಿಕೊಂಡು ನೋಡಿದ್ದೇನೆ."

"ಅಯ್ಯೋ, ನಿಮಗೆಲ್ಲ ನಾಚಿಕೆ ಆಗಲ್ವಾ!" ಎಂದು ಹಂಸಿನಿ ಕಿರುಚಿದಳು. ಹಸೆಯಿಂದ ಎದ್ದು, ಸೀರೆ ಎಡವಿ, ಕೋಣೆಗೆ ಹೋಗಿ ಬಾಗಿಲನ್ನು ದಢಾರನೆ ಹಾಕಿಕೊಂಡಳು. ಗೋಡೆಯ ಗಡಿಯಾರ ಅಲುಗಾಡಿತು.

ಕುಸುಮಾ ಆ ಬಾಗಿಲ ಕಡೆ ತಿರುಗಿದಳು. "ಆ ಸದ್ದು ಇರಲಿ" ಎಂದಳು. "ನನಗೆ ಆ ಸದ್ದು ಬೇಕು." ಹೇಳುತ್ತ ಹೇಳುತ್ತ ಅವಳಿಗೆ ನಗು ಬಂತು, ಜೊತೆಗೇ ಕಣ್ಣೀರು ಇಳಿಯಿತು.

ಮೂಲೆಯಲ್ಲಿ ಪ್ರಭುವಿನ ಹಸಿರು ಚುಕ್ಕೆ ಒಂದೇ ಸಮನೆ ಮಿನುಗುತ್ತಿತ್ತು. ಒಳಗೆ ಏನೋ ಏಳುತ್ತಿತ್ತು, ಅಳಿಸಿಹೋಗುತ್ತಿತ್ತು, ಮತ್ತೆ ಏಳುತ್ತಿತ್ತು. ಅವನು ಎದ್ದು ಬಂದು ನೀಲಾಂಬಿಕೆಯ ಸೆರಗು ಜಗ್ಗಿದ.

"ಅತ್ತೆ, ಅಮ್ಮ ನಗ್ತಿದ್ದಾಳಾ, ಅಳ್ತಿದ್ದಾಳಾ?"

ಬಾಯಿಗೆ ಬಂದ ಕಟುಮಾತನ್ನು ನೀಲಾಂಬಿಕೆ ನುಂಗಿಕೊಂಡಳು. ಅವನ ಕಿವಿಯ ಹಿಂದೆ ಕೈ ಹಾಕಿ ಪಟ್ಟಿಯನ್ನು ಕಿತ್ತಳು. ಅಡಿಯ ಚರ್ಮ ಎಳೆಗೂಸಿನದರಂತೆ ಬೆಳ್ಳಗಿತ್ತು.

"ಎರಡೂ ಕಣೋ" ಎಂದಳು. "ಹತ್ತಿರ ಹೋಗಿ ನೋಡು."

ಅವನು ಹೋಗಿ ಅಮ್ಮನ ಎದುರು ಮಂಡಿಯೂರಿ ಕೂತ. ಅಕ್ಷರ ಕೂಡಿಸಿ ಓದಲು ಕಲಿಯುವ ಮಗುವಿನಂತೆ, ಹಣೆಯಿಂದ ಶುರುಮಾಡಿ ಅವಳ ಮುಖವನ್ನು ನೋಡತೊಡಗಿದ.