ಬಾಯಿ ಕೂಡದ ಕನ್ನಡಿ

ಬಲು ಹಿಂದೆ, ಹಗಲಿಗೂ ಕನಸಿಗೂ ನಡುವೆ ಇನ್ನೂ ಬೇಲಿ ಹಾಕದಿದ್ದ ಕಾಲದಲ್ಲಿ, ಸಮುದ್ರದ ದಂಡೆಯ ಮೇಲೆ ತೊರೆಬೆಳಗು ಎಂಬ ರಾಜ್ಯವಿತ್ತು. ಅಲ್ಲಿ ಬೀದಿಬೀದಿಯಲ್ಲೂ ಬೆಳಕಿನ ತೊರೆ ಹರಿಯುತ್ತಿತ್ತು. ನೀರಲ್ಲ, ಬೆಳಕೇ! ಮಕ್ಕಳು ಅದರಲ್ಲಿ ಕಾಲು ಇಳಿಬಿಟ್ಟು ಕೂತರೆ ಮಲಗುವವರೆಗೂ ಪಾದಗಳು ಮಿಣಮಿಣ ಅನ್ನುತ್ತಿದ್ದವು.

ಅಲ್ಲಿ ಮನೆಮನೆಗೂ ಜೋಡಿ ಮಾಯಾಕನ್ನಡಿ. ಒಂದು ಮನೆಯಲ್ಲಿ, ಇನ್ನೊಂದು ದೂರ ಹೋದವರ ಕೈಯಲ್ಲಿ. ಇಲ್ಲಿ ನೋಡಿದರೆ ಅವರು ಕಾಣುವರು, ಮಾತಾಡುವರು. ಕನ್ನಡಿಗೆ ಹಸಿವಾದರೆ ತಾವರೆ ನೂಲಿನ ದಾರದ ಒಂದು ತುದಿ ತೊರೆಗೆ, ಇನ್ನೊಂದು ತುದಿ ಕನ್ನಡಿಯ ಬಾಯಿಗೆ. ಅದು ಗುಟುಕು ಗುಟುಕಾಗಿ ಬೆಳಕು ಕುಡಿಯುವುದು. ಯಾರದಾದರೂ ದಾರ ಹರಿದರೆ ಪಕ್ಕದ ಮನೆಯಲ್ಲಿ ಮೊಸರಿಗೆ ಹೆಪ್ಪು ಕೇಳಿದ ಹಾಗೆ ಕೇಳಿ ತರುತ್ತಿದ್ದರು. ಇಲ್ಲ ಅನ್ನುವ ಪದ್ಧತಿಯೇ ಇರಲಿಲ್ಲ.

ಇದನ್ನು ಕಂಡು ಹೊಟ್ಟೆ ಉರಿದುಕೊಂಡವನು ತೊರೆ ಹುಟ್ಟುವ ಗುಡ್ಡದ ಮೇಲಿದ್ದ ಮಾಂತ್ರಿಕ ವಕ್ರಕೇತು. "ಇವರಿವರೇ ಕೊಟ್ಟು ತೆಗೆದುಕೊಂಡರೆ ನನ್ನನ್ನು ಕೇಳುವವರು ಯಾರು?" ಎಂದು ಮಂತ್ರ ಹಾಕಿದ. ಬೆಳಗಾಗುವಷ್ಟರಲ್ಲಿ ಒಂದು ಕನ್ನಡಿಗೆ ಮುಮ್ಮೂಲೆ ಬಾಯಿ, ಒಂದಕ್ಕೆ ಹುಣಸೆಬೀಜದಂಥ ಬಾಯಿ, ಇನ್ನೊಂದಕ್ಕೆ ಬಾಯಿ ಬೆನ್ನ ಮೇಲೆ! ಒಂದರ ದಾರ ಇನ್ನೊಂದಕ್ಕೆ ಆಗದು. ಹೊಸ ದಾರ ಬೇಕೆಂದರೆ ಅವನ ಕೋಟೆಗೇ ಹೋಗಬೇಕು. ಅವನು ಕೊಟ್ಟ ದಾರವೋ, ದೇವರಿಗೇ ಪ್ರೀತಿ. ಕನ್ನಡಿಯ ಬಾಯಿಗೆ ಸೇರುವ ಕಡೆಯೇ ಪಟ್ಟೆಂದು ಹರಿಯುವುದು. ಇಂಥದ್ದನ್ನು ಮಾಡಿದವನ ಕೈಗೆ ಏನನ್ನಬೇಕು, ನೀವೇ ಹೇಳಿ!

ಆ ಊರಿನಲ್ಲಿ ಹೂ ಕಟ್ಟುವ ಪದುಮಿ ಎಂಬವಳಿದ್ದಳು. ಅವಳ ಗಂಡ ಜಟ್ಟಪ್ಪ ದೋಣಿ ತೆಗೆದುಕೊಂಡು ದ್ವೀಪಗಳ ಕಡೆ ಹೋಗಿದ್ದ. ಮರಳುವ ದಾರಿಯಲ್ಲಿ ಮಂಜು ಮುಸುಕಿದ ಬಂಡೆಗಳಿದ್ದವು. ಮನೆಯ ಕನ್ನಡಿ ಬೆಳಗುತ್ತಿದ್ದರೆ ಮಾತ್ರ ಅದರಲ್ಲಿ ಬಂಡೆಗಳ ನಡುವಿನ ದಾರಿ ಕಾಣುವುದು. "ಇವತ್ತು ಹೊತ್ತು ಮುಳುಗುವಾಗ ಬಂಡೆ ಹತ್ತಿರ ಇರ್ತೀನಿ ಕಣೇ. ನೀನೇ ದಾರಿ ಹೇಳಬೇಕು" ಅಂದಿದ್ದ. ಅವನ ಮಾತು ಮುಗಿಯುವಷ್ಟರಲ್ಲಿ ಪದುಮಿಯ ದಾರ ಹರಿಯಿತು. ಕನ್ನಡಿ ಮಂಕಾಯಿತು. ಜಟ್ಟಪ್ಪನ ಮುಖ ಕರಗಿಹೋಯಿತು.

ಪಕ್ಕದ ಮನೆಯ ದುಗ್ಗಜ್ಜಿ ತನ್ನ ದಾರ ಹಿಡಿದು ಓಡಿಬಂದಳು. ತೂರಿಸಿದಳು, ತಿರುಗಿಸಿದಳು, ಎಂಜಲು ಹಚ್ಚಿ ನೂಕಿದಳು. ಊಹೂಂ!

"ಅಯ್ಯೋ ನನ್ನವ್ವಾ, ಕೈಯಲ್ಲಿ ದಾರ ಇದ್ದೂ ಕೊಡೋಕಾಗಲಿಲ್ಲವಲ್ಲೇ" ಎಂದು ಅಜ್ಜಿ ಅತ್ತಳು. "ಆಗದಿದ್ದರೂ ಇದನ್ನು ಇಟ್ಟುಕೋ."

ಪದುಮಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅಜ್ಜಿಯ ದಾರವನ್ನೂ ಹೂ ಕಟ್ಟುವ ಬಾಳೆನಾರನ್ನೂ ಮಡಿಲಿಗೆ ಹಾಕಿಕೊಂಡು, ಕನ್ನಡಿ ಹಿಡಿದು ಗುಡ್ಡ ಹತ್ತಿದಳು.

ಮೊದಲ ಬಾಗಿಲಲ್ಲಿ ಹಿತ್ತಾಳೆಯ ಹುಂಜ, ಆಳೆತ್ತರದ್ದು. "ನನಗೆ ಬೆಳಕು ಕುಡಿಸು, ದಾರಿ ಬಿಡುತ್ತೇನೆ" ಎಂದಿತು. ಪದುಮಿ ಹುಂಜದ ದಾರವನ್ನು ಅದರ ಬಾಯಿಗಿಟ್ಟಳು. ಹೋಗಲಿಲ್ಲ. ಮಗುಚಿ ಇಟ್ಟಳು. ಹೋಗಲಿಲ್ಲ. ಮತ್ತೆ ಮೊದಲಿನ ಹಾಗೇ ಇಟ್ಟಳು. ಸರಕ್ಕನೆ ಹೋಯಿತು!

"ಮೊದಲೂ ಹೀಗೇ ಇಟ್ಟಿದ್ದೆನಲ್ಲೋ!"

"ನನಗೇನು ಗೊತ್ತು ತಾಯಿ, ಮಾಡಿದವನನ್ನು ಕೇಳು" ಎಂದು ಹುಂಜ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಕಬ್ಬಿಣದ ಆನೆ. ಅದರ ದಾರ ಗೇಣುದ್ದ. ಅಷ್ಟು ದೊಡ್ಡ ಆನೆ ಗೋಡೆಗೆ ಹಣೆ ಹಚ್ಚಿ, ಗೋಡೆಯ ಬುಡದ ತೊರೆಗೆ ಅಂಟಿಕೊಂಡು ನಿಂತಿತ್ತು. "ಕತ್ತು ತಿರುಗಿಸಿದರೆ ದಾರ ಕಳಚಿ ಪ್ರಾಣ ಹೋಗುತ್ತದೆ. ಆಕಾಶ ಈಗಲೂ ಇದೆಯೇನಮ್ಮಾ?" ಎಂದು ಕೇಳಿತು. ಪದುಮಿ ತನ್ನ ಮಂಕು ಕನ್ನಡಿಯನ್ನು ಅದರ ಕಣ್ಣಿನ ಮುಂದೆ ಓರೆಯಾಗಿ ಹಿಡಿದಳು. ಬೆಳಕಿಲ್ಲದಿದ್ದರೂ ಕನ್ನಡಿ ಕನ್ನಡಿಯೇ ತಾನೆ? ಅದರೊಳಗೆ ಒಂದು ಬಿಳಿ ಮೋಡ ಮೆಲ್ಲಗೆ ತೇಲಿಹೋಯಿತು, ಅದರ ಹಿಂದೆ ಒಂದು ಸಾಲು ಬೆಳ್ಳಕ್ಕಿ. ಆನೆ ಕಣ್ಣೀರು ಸುರಿಸುತ್ತ ಸೊಂಡಿಲಿನಿಂದ ಬಾಗಿಲು ತೆರೆಯಿತು.

ಮೂರನೆಯ ಬಾಗಿಲಲ್ಲಿ ರೆಕ್ಕೆಯ ಸಿಂಹ. ಅದರ ದಾರ ಸಡಿಲ. "ಹೀಗೆ ಓರೆ ಮಾಡಿ ಒತ್ತಿ ಹಿಡಿದರೆ ಕುಡಿಯುತ್ತೇನೆ. ಕೈ ಬಿಟ್ಟರೆ ನಿಂತುಹೋಗುತ್ತದೆ. ಇಲ್ಲೇ ಹಿಡಿದುಕೊಂಡು ನಿಲ್ಲು" ಎಂದು ಗುರುಗುಟ್ಟಿತು.

"ನಾನು ಇಲ್ಲಿ ನಿಂತರೆ ಅಲ್ಲಿ ನನ್ನ ಗಂಡನ ಗತಿ?" ಎಂದಳು ಪದುಮಿ. ಹೊತ್ತು ಇಳಿಯುತ್ತಿತ್ತು. ಮಡಿಲಿನಿಂದ ಬಾಳೆನಾರು ತೆಗೆದಳು. ಮಲ್ಲಿಗೆಯ ತೊಟ್ಟಿಗೆ ಹಾಕುವ ಕುಣಿಕೆ, ಜಾರಬಾರದು, ತೊಟ್ಟೂ ಮುರಿಯಬಾರದು. ಹಾಗೇ ದಾರವನ್ನು ಓರೆಯಾಗಿಯೇ ಕಟ್ಟಿ ಕೈಬಿಟ್ಟಳು. ಸಿಂಹ ಕಣ್ಣುಮುಚ್ಚಿ ಸುಖವಾಗಿ ಕುಡಿಯತೊಡಗಿತು.

ಒಳಗೆ ಹೋದರೆ ಏನು ನೋಡುವುದು! ನೆಲದ ತುಂಬ ಗೋಜಲುಗೋಜಲಾಗಿ ದಾರಗಳ ಬೆಟ್ಟ. ಅದರ ಮಧ್ಯೆ ವಕ್ರಕೇತು ಬೆವರುತ್ತ ದಾರ ಎಳೆಯುತ್ತಿದ್ದ. ಪಕ್ಕದಲ್ಲಿ ಅವನ ಪ್ರಾಣದೀಪ ಈಗಲೋ ಆಗಲೋ ಆರುವ ಹಾಗೆ ಮಿಣುಕುತ್ತಿತ್ತು. ಅದನ್ನು ಬೇರೆ ಯಾರೂ ಮುಟ್ಟದಿರಲೆಂದು ಏಡಿಯ ಕೊಂಡಿಯಂಥ ಬಾಯಿ ಇಟ್ಟಿದ್ದ ಪುಣ್ಯಾತ್ಮ. ಅದಕ್ಕೆ ಆಗುವ ಒಂದೇ ಒಂದು ದಾರ ಈ ರಾಶಿಯಲ್ಲಿ ಎಲ್ಲೋ ಸಿಕ್ಕಿಕೊಂಡಿತ್ತು.

"ಹೊರಗೆ ಹೋಗು!" ಎಂದು ಅಬ್ಬರಿಸಿದ. ದೀಪ ಇನ್ನಷ್ಟು ಸಣ್ಣಗಾಯಿತು. "ಬೇಡ, ಹೋಗಬೇಡ ತಂಗೀ. ನನ್ನ ದಾರ ಹುಡುಕಿಕೊಡು."

ಪದುಮಿ ಕಿಟಕಿಯಾಚೆ ನೋಡಿದಳು. ಸೂರ್ಯ ಸಮುದ್ರ ಮುಟ್ಟಿದ್ದ. "ಹುಡುಕುವಷ್ಟರಲ್ಲಿ ನೀನೂ ಇರುವುದಿಲ್ಲ, ನನ್ನ ಗಂಡನೂ ಇರುವುದಿಲ್ಲ. ಮಂತ್ರ ಹಿಂದಕ್ಕೆ ತೆಗೆದುಕೋ. ಎಲ್ಲ ಬಾಯಿಯೂ ಒಂದೇ ಆಗಲಿ."

"ಆಮೇಲೆ ನನ್ನನ್ನು ಯಾರು ಕೇಳುತ್ತಾರೆ?"

"ಈಗ ನಿನಗೆ ಯಾರು ಕೊಡುತ್ತಾರೆ?"

ಮಾಂತ್ರಿಕ ಆರುತ್ತಿದ್ದ ದೀಪದ ಕಡೆ ನೋಡಿದ. ಆಮೇಲೆ ಮಂತ್ರವನ್ನು ಕೊನೆಯಿಂದ ಮೊದಲಿಗೆ ಹೇಳಿದ. ರಾಜ್ಯದ ಕನ್ನಡಿಗಳೆಲ್ಲ ಒಮ್ಮೆ ಆಕಳಿಸಿದವು. ಪ್ರಾಣದೀಪದ್ದೂ ಸೇರಿ ಎಲ್ಲ ಬಾಯಿಗಳೂ ಗುಂಡಗೆ ಒಂದೇ ಥರ ಆದವು, ಎಲ್ಲ ದಾರಗಳೂ ಗಟ್ಟಿಯಾದವು.

ಪದುಮಿ ದುಗ್ಗಜ್ಜಿಯ ದಾರವನ್ನು ಒಳಗೇ ಹರಿಯುತ್ತಿದ್ದ ತೊರೆಗೆ ಇಳಿಬಿಟ್ಟು ತನ್ನ ಕನ್ನಡಿಗಿಟ್ಟಳು. ಮೊದಲ ಸಲಕ್ಕೇ ಕೂತಿತು.

"ನನಗೆ ಯಾವುದು? ಯಾವ ದಾರ?" ಎಂದು ವಕ್ರಕೇತು ರಾಶಿಯಲ್ಲಿ ತಡಕಾಡುತ್ತಿದ್ದ.

"ಯಾವುದಾದರೂ ಸರಿ ಮಾರಾಯಾ!"

ಕೈಗೆ ಸಿಕ್ಕಿದ್ದನ್ನು ಇಟ್ಟ. ದೀಪ ಉಳಿಯಿತು.

ಕನ್ನಡಿಯಲ್ಲಿ ಮಂಜು ಕದಲಿ ಜಟ್ಟಪ್ಪನ ಮುಖ ಮೂಡಿತು. "ಎಲ್ಲಿ ಹೋಗಿದ್ಯೇ! ಬಂಡೆ ಮೂಗಿನ ಹತ್ತಿರ ಬಂತು!"

"ಎಡಕ್ಕೆ ರೀ, ಎಡಕ್ಕೆ! ಹಾಂ, ಹಾಗೇ ಬನ್ನಿ" ಎಂದು ಪದುಮಿ ಅಳುತ್ತಲೇ ನಕ್ಕಳು. ದೋಣಿ ಬಂಡೆಗಳ ನಡುವಿನಿಂದ ಹಂಸದ ಹಾಗೆ ತೇಲಿಬಂತು.

ಹುಂಜ ಊರಿಗಿಳಿದು ಬೆಳಗು ಕೂಗತೊಡಗಿತು. ಆನೆ ಉದ್ದನೆಯ ದಾರ ಹಾಕಿಕೊಂಡು ಹಗಲಿಡೀ ಆಕಾಶ ನೋಡಿತು. ಸಿಂಹ ಮಕ್ಕಳನ್ನು ಬೆನ್ನ ಮೇಲೆ ಕೂರಿಸಿ ಹಾರಿಸಿತು. ಮಂತ್ರವೆಲ್ಲ ಕರಗಿದ ವಕ್ರಕೇತು ಇಂದಿಗೂ ದಾರದ ಗೋಜಲು ಬಿಡಿಸುತ್ತ ಕೂತಿದ್ದಾನೆ, ಕೂರಲಿ ಬಿಡಿ.

ಪದುಮಿ ದಾರ ವಾಪಸು ಕೊಡಲು ಹೋದಾಗ ದುಗ್ಗಜ್ಜಿ ತೆಗೆದುಕೊಳ್ಳಲೇ ಇಲ್ಲ. "ನಿನ್ನ ಹತ್ತಿರವೇ ಇರಲಿ ಮಗಳೇ. ನನಗೆ ಬೇಕಾದಾಗ ಬಂದು ಕೇಳ್ತೀನಿ" ಅಂದಳು.

ಮಾರನೆಯ ಬೆಳಿಗ್ಗೆಯೇ ಬಂದು ಕೇಳಿದಳು. ಹಾಗೆ ಕೇಳುತ್ತ, ಕೊಡುತ್ತ, ಆ ಊರಿನವರೆಲ್ಲ ಸುಖವಾಗಿದ್ದರು.