ಚಿತ್ರ ವಿಭಾಗದ ಆಕೆ

‘ಮಾನ್ಯ ತಂಡದವರೇ, ನಿಮ್ಮ ಕೃಪೆಯಿಂದ ಈ ಭಾನುವಾರ ನಮ್ಮ ಸಂಡೇ ಸ್ಕೂಲಿನಲ್ಲಿ ಪ್ರವಾದಿ ಯೋನ ಸೊಂಟದ ಹತ್ತಿರ ಎರಡು ತುಂಡಾದ. ಅವನನ್ನು ನುಂಗಿದ ಮೀನಿನ ತಪ್ಪೇನೂ ಇಲ್ಲ. ಮಡಿಸಬೇಕಾದ ಕಡೆ ನೀವು ಕತ್ತರಿಸುವ ಗೆರೆ ಹಾಕಿದ್ದೀರಿ. ಮಕ್ಕಳು ಬಹಳ ಶ್ರದ್ಧೆಯಿಂದ ಕತ್ತರಿಸಿದರು. ಒಬ್ಬಳಂತೂ ಅಳು ನಿಲ್ಲಿಸಲೇ ಇಲ್ಲ.’

ಸಂದೇಶ ಓದಿ ಆಕೆ ಊಟದ ಮೇಜಿನ ಮುಂದೆ ಕುಳಿತಲ್ಲೇ ನಾಲಿಗೆ ಕಚ್ಚಿಕೊಂಡಳು.

ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಕೆಲಸ. ಸಂಜೆ ಮನೆಗೆ ಬಂದರೆ ಈ ಮೇಜು. ಬೈಬಲ್ ಕಥೆಗಳಿಗೆ ಬಣ್ಣ ತುಂಬುವ ಚಿತ್ರ, ಕತ್ತರಿಸಿ ಅಂಟಿಸುವ ಕಾಗದದ ಗೊಂಬೆ, ಟೀಚರ್‌ಗಳಿಗೆ ಪಾಠ, ಎಲ್ಲವನ್ನೂ ಮಾಡಿ ಇಂಟರ್‌ನೆಟ್ಟಿನಲ್ಲಿ ಹಾಕುತ್ತಿದ್ದಳು. ಪುಸ್ತಕ ಕೊಳ್ಳಲಾಗದ ಯಾವ ಚರ್ಚಿನವರಾದರೂ ಪುಕ್ಕಟೆಯಾಗಿ ತೆಗೆದುಕೊಳ್ಳಬಹುದು. ಪುಟದ ಕೆಳಗೆ ‘ನಮ್ಮ ತಂಡ’ ಎಂದು ಬರೆದಿದ್ದಳು. ತಂಡವೆಂದರೆ ಆಕೆ, ಕೆಮ್ಮುವ ಒಂದು ಪ್ರಿಂಟರ್, ಮತ್ತು ಸೋಫಾದಲ್ಲಿ ಕುಳಿತು ಕೇಳದಿದ್ದರೂ ಅಭಿಪ್ರಾಯ ಹೇಳುವ ಅಮ್ಮ.

ನಲವತ್ತು ದಾಟಿದ ಒಂಟಿ ಹೆಂಗಸೊಬ್ಬಳು ಊಟದ ಮೇಜಿನ ಮೇಲೆ ಮಾಡಿದ್ದು ಎಂದರೆ ಯಾರು ನಂಬುತ್ತಾರೆ ಎಂಬ ಅಳುಕಿನಿಂದ ಹುಟ್ಟಿದ ತಂಡ ಅದು. ತನ್ನ ಹೆಸರಿನ ಜಾಗದಲ್ಲಿ ಒಂದು ಗುಂಪನ್ನು ನಿಲ್ಲಿಸಿಬಿಟ್ಟರೆ ಮನಸ್ಸಿಗೆ ಎಷ್ಟು ನಿರಾಳ! ಆದರೆ ಸುಳ್ಳಿಗೆ ಸಂಸಾರ ಬೆಳೆಯಲು ಎಷ್ಟು ಹೊತ್ತು? ಚಿತ್ರ ವಿಭಾಗ ಬಂತು, ಪಾಠ ವಿಭಾಗ ಬಂತು. ಪತ್ರಗಳಿಗೆ ಉತ್ತರಿಸಲು ಒಬ್ಬ ‘ಹಿರಿಯ ಸಂಚಾಲಕ’ರೂ ಹುಟ್ಟಿದರು.

ಈ ಸಲವೂ ಹಿರಿಯರೇ ಕನ್ನಡಕ ಏರಿಸಿಕೊಂಡವರಂತೆ ಉತ್ತರ ಬರೆದರು: ‘ಪ್ರಿಯ ಸಹೋದರರೇ, ಚಿತ್ರ ವಿಭಾಗಕ್ಕೆ ಕಟ್ಟುನಿಟ್ಟಾಗಿ ಎಚ್ಚರಿಕೆ ಕೊಡಲಾಗಿದೆ.’

ತಕ್ಷಣ ಮರುತ್ತರ. ‘ಅಯ್ಯೋ, ಬೈಯಬೇಡಿ ಹಿರಿಯರೇ. ಗೆರೆ ತಪ್ಪಿದರೂ ಆ ಮೀನಿನ ಮುಖ ನೋಡಿದಿರಾ? ಮನುಷ್ಯನನ್ನು ನುಂಗಿದ್ದಕ್ಕೆ ಪಾಪ ಅದಕ್ಕೇ ಬೇಜಾರಾದಂತಿತ್ತು.’

ಆಕೆ ಪೆನ್ಸಿಲ್ ಕೆಳಗಿಟ್ಟಳು. ಆ ಮೀನಿನ ಹುಬ್ಬನ್ನು ಅಳಿಸಿ ಅಳಿಸಿ ಬರೆದಿದ್ದಳು. ಅದನ್ನು ಒಬ್ಬರು ನೋಡಿದ್ದರು.

ಸಂದೇಶ ಕಳಿಸಿದವನು ಅಗ್ನಿಶಾಮಕ ದಳದವನು, ಊರಿನ ಆ ತುದಿಯ ಸಣ್ಣ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಇನ್ನು ಮುಂದೆ ಹೊಸ ಗೊಂಬೆಯನ್ನು ಮೊದಲು ತನಗೆ ಕಳಿಸಿದರೆ ಕತ್ತರಿಸಿ ಪರೀಕ್ಷೆ ಮಾಡುವೆ ಎಂದ. ಹಾಗೇ ಮಾಡಿದ ಕೂಡ. ಸ್ಟೇಷನ್ನಿನಲ್ಲಿ ಬೆಂಕಿಯ ಕರೆ ಇಲ್ಲದಾಗ ತೆಗೆದ ಫೋಟೋಗಳು ಬರತೊಡಗಿದವು: ದಪ್ಪ ಬೆರಳುಗಳ ನಡುವೆ ಪುಟ್ಟ ಕತ್ತರಿ, ಹಿಂದೆ ಹೆಲ್ಮೆಟ್ ಹಾಕಿದ ಮೀಸೆಯವನೊಬ್ಬ ನಾಲಿಗೆ ಹೊರಚಾಚಿ ಕುರಿಗೆ ಹತ್ತಿ ಅಂಟಿಸುತ್ತಿದ್ದಾನೆ.

ಕುಲುಮೆಗೆ ಎಸೆದರೂ ಸುಡದೆ ಉಳಿದ ಮೂವರ ಕಥೆ ಬಂದಾಗ ಅವನ ತಕರಾರು ಜೋರಾಗಿತ್ತು. ‘ಬೆಂಕಿ ಹೂವಿನ ಹಾಗಿದೆ. ಬೆಂಕಿ ಹೀಗಿರಲ್ಲ.’

‘ಸುಡದ ಬೆಂಕಿ ಹೀಗೇ ಇರುತ್ತದೆಂದು ಚಿತ್ರ ವಿಭಾಗದ ಅಭಿಪ್ರಾಯ.’

ಬಹಳ ಹೊತ್ತಿನ ಮೇಲೆ ಅವನು ಬರೆದ: ‘ಇಷ್ಟು ವರ್ಷ ನಾನು ಸುಡುವ ಬೆಂಕಿಯನ್ನೇ ನೋಡಿದ್ದೇನೆ. ಚಿತ್ರ ವಿಭಾಗದವರಿಗೆ ನನ್ನ ನಮಸ್ಕಾರ ಹೇಳಿ.’

“ಫೋನ್ ನೋಡ್ಕೊಂಡು ನಗ್ತೀಯಲ್ಲೇ, ಯಾರದು?” ಅಮ್ಮ ಸೋಫಾದಿಂದಲೇ ಕೇಳಿದಳು.

“ಕೆಲಸದ ವಿಷಯ ಅಮ್ಮ.”

“ನಾನೂ ಕೆಲಸ ಮಾಡಿದೋಳೇ ಕಣೇ. ಹಲ್ಲು ಕಿಸಿಯೋ ಅಂಥ ಕೆಲಸ ನಂಗ್ಯಾಕೆ ಸಿಗ್ಲಿಲ್ಲ?”

ಮರುವಾರ ಬಂದ ಸಂದೇಶ ಉದ್ದವಾಗಿತ್ತು. ‘ಹಿರಿಯರೇ, ತಂದೆಯ ಸಮಾನ ಎಂದು ತಿಳಿದು ಕೇಳುತ್ತಿದ್ದೇನೆ. ಚಿತ್ರ ವಿಭಾಗದಲ್ಲಿ ಇರುವವರು ಹೆಂಗಸೆಂದು ನನ್ನ ಊಹೆ. ನನ್ನ ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ಮನೆಗೆ ಹೋದರೆ ರೇಡಿಯೋ ಹಾಕಿ ಅದರ ಜೊತೆ ಜಗಳ ಆಡುತ್ತೇನೆ. ಈಗೀಗ ಆಕೆಯ ಚಿತ್ರ ಬರುವ ದಿನ ಶೇವ್ ಮಾಡಿಕೊಂಡು ಕಾಯುತ್ತೇನೆ. ಚಿತ್ರಕ್ಕೇನು ನನ್ನ ಗಡ್ಡ ಕಾಣುತ್ತದೆಯೇ? ಆದರೂ. ಆಕೆ ಒಂಟಿಯಾಗಿದ್ದರೆ, ಒಮ್ಮೆ ಭೇಟಿಯಾಗಲೇ ಎಂದು ಕೇಳಬಹುದೇ? ತಪ್ಪು ತಿಳಿಯುವರೇ?’

ಆಕೆ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದು ಮತ್ತೆ ಓದಿದಳು. ಚಿತ್ರ ವಿಭಾಗದ ಆ ಹೆಂಗಸಿನ ಮೇಲೆ ಕ್ಷಣಕಾಲ ಹೊಟ್ಟೆಕಿಚ್ಚೂ ಆಯಿತು. ಹಿರಿಯರು ಸುಮ್ಮನಿರಬಹುದಿತ್ತು. ಆದರೆ ಬೆರಳು ಮನಸ್ಸನ್ನು ಕೇಳಲಿಲ್ಲ: ‘ಧೈರ್ಯವಾಗಿ ಕೇಳಿ. ಆಕೆ ಬೇಡ ಎನ್ನಲಾರಳು.’

‘ಹಾಗಾದರೆ ಶನಿವಾರ ಸಂಜೆ ಕಚೇರಿಗೇ ಬರುತ್ತೇನೆ. ವಿಳಾಸ ಪುಟದಲ್ಲೇ ಇದೆಯಲ್ಲ.’

ವಿಳಾಸ ಮನೆಯದು.

ಅಮ್ಮನಿಗೆ ಹೇಳದೆ ವಿಧಿಯಿರಲಿಲ್ಲ. ಎಲ್ಲ ಕೇಳಿ ಅಮ್ಮ ಗಂಭೀರವಾಗಿ ಯೋಚಿಸಿದಳು. “ಹಿರಿಯರಿಗೆ ಹುಷಾರಿಲ್ಲ ಅನ್ನು.”

“ಎಷ್ಟು ದಿನ ಅಂತ?”

“ಸಾಯಿಸಿಬಿಡು ಹಾಗಾದ್ರೆ.”

“ಅಮ್ಮಾ! ಈ ವಾರದ ಪಾಠ ‘ಸುಳ್ಳಾಡಬಾರದು’ ಅಂತ.”

“ಅದು ಮಕ್ಕಳಿಗೆ ಕಣೇ.”

ಶನಿವಾರ ಅವನು ಬಂದ. ಇಸ್ತ್ರಿಯ ಗೆರೆ ಅಳಿಯದ ಅಂಗಿ, ಗದ್ದದ ಮೇಲೆ ಸಣ್ಣ ಗಾಯ. ಬಾಗಿಲಲ್ಲಿ ಶೂ ಬಿಚ್ಚಿ, ಬಾಗುವ ಅಗತ್ಯವಿಲ್ಲದಿದ್ದರೂ ತಲೆ ಬಗ್ಗಿಸಿ ಒಳಗೆ ಬಂದ.

“ಕಚೇರಿ...?”

“ಇದೇ.”

ಅವನು ಮೇಜು ನೋಡಿದ. ಕ್ರೇಯಾನ್, ಗೋಂದು, ಅರ್ಧ ಬಿಡಿಸಿದ ಒಂಟೆ. “ಉಳಿದವರೆಲ್ಲ ರಜೆನಾ?”

“ಗುಣಮಟ್ಟ ವಿಭಾಗ ಇಲ್ಲಿದೆಯಪ್ಪಾ,” ಅಮ್ಮ ಸೋಫಾದಿಂದ ಕೈ ಎತ್ತಿದಳು.

ಅವನು ನಕ್ಕ. ನಕ್ಕರೆ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ಆಕೆಗೆ ಅದು ಫೋಟೋಗಳಲ್ಲಿ ತಿಳಿದಿರಲಿಲ್ಲ. ಹೀಗೇ ಇರಲಿ, ಇನ್ನೊಂದು ಗಳಿಗೆ ಹೀಗೇ ನಗುತ್ತಿರಲಿ ಎನಿಸಿತು.

“ಹಿರಿಯರು?”

“ಹಿರಿಯರು ನಾನೇ,” ಎಂದಳು. “ಚಿತ್ರ ವಿಭಾಗನೂ ನಾನೇ. ತಂಡ ಅಂತ ಯಾವುದೂ ಇಲ್ಲ.”

ಕೆಂಪು ಅವನ ಕುತ್ತಿಗೆಯಿಂದ ಹೊರಟು ಕಿವಿಯವರೆಗೆ ಏರಿತು. “ಅಂದ್ರೆ... ರೇಡಿಯೋ ವಿಷಯ?”

“ಓದಿದೆ.”

“ಶೇವ್ ಮಾಡ್ಕೊಳ್ಳೋ ವಿಷಯ?”

“ಅದನ್ನ ತುಂಬಾ ಸಲ ಓದಿದೆ.”

ಅವನು ನಗಲಿಲ್ಲ. “ತಂದೆ ಸಮಾನ ಅಂತ ನಂಬಿ ಬರೆದಿದ್ದೆ ನಾನು. ನಿಮಗೇ ಬರೀಬೇಕು ಅಂದಿದ್ರೆ ಬೇರೆ ಥರ ಬರೀತಿದ್ದೆ. ಇಲ್ಲಾ, ಬರೀತಾನೇ ಇರ್ಲಿಲ್ಲ.”

“ಗೊತ್ತು. ತಪ್ಪು ನಂದೇ.” ಆಕೆ ಕೈಯಲ್ಲಿದ್ದ ಕತ್ತರಿಯನ್ನು ಸುಮ್ಮನೆ ತೆರೆದು ಮುಚ್ಚಿದಳು. “ಒಬ್ಬಳೇ ಅಂದ್ರೆ ಯಾರೂ ಬೇಕು ಅನ್ನಲ್ಲ ಅನ್ಕೊಂಡಿದ್ದೆ.”

“ಏನನ್ನ? ಪಾಠನಾ?”

ಆಕೆ ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಅವನು ಬಾಗಿಲಿಗೆ ಹೋಗಿ ಮೆಟ್ಟಿಲ ಮೇಲೆ ಕುಳಿತು ಒಂದು ಶೂ ಹಾಕಿಕೊಂಡ.

“ಚಹಾ ಕುಡಿದು ಸಿಟ್ಟು ಮಾಡ್ಕೊಳ್ಳಪ್ಪಾ,” ಎಂದಳು ಅಮ್ಮ. “ಬರೀ ಹೊಟ್ಟೇಲಿ ಸಿಟ್ಟು ಒಳ್ಳೇದಲ್ಲ.”

ಅವನು ತಿರುಗಲಿಲ್ಲ. ಲೇಸ್ ಕಟ್ಟಿದ. ಬಿಚ್ಚಿ ಮತ್ತೆ ಕಟ್ಟಿದ. ನೆಲ ನೋಡುತ್ತಲೇ ಕೇಳಿದ: “ಧೈರ್ಯವಾಗಿ ಕೇಳಿ, ಆಕೆ ಬೇಡ ಎನ್ನಲಾರಳು ಅಂತ ಬರೆದಿತ್ತಲ್ಲ. ಅದು ಹಿರಿಯರು ಸುಮ್ನೆ ಸಮಾಧಾನಕ್ಕೆ ಹೇಳಿದ್ದಾ? ಇಲ್ಲಾ...”

ಈಗ ಮುಂದೆ ನಿಲ್ಲಿಸಿಕೊಳ್ಳಲು ಯಾರೂ ಇರಲಿಲ್ಲ.

“ನಾನು ಹೇಳಿದ್ದು,” ಎಂದಳು. “ಈಗ್ಲೂ ಅದೇ ಹೇಳ್ತೀನಿ.”

ಅವನು ಒಂದು ಕಾಲಿಗೆ ಶೂ, ಇನ್ನೊಂದರಲ್ಲಿ ಬರೀ ಕಾಲುಚೀಲ, ಹಾಗೇ ಕುಳಿತಿದ್ದ. ಆಮೇಲೆ ಬಗ್ಗಿ, ಅಷ್ಟು ಕಷ್ಟಪಟ್ಟು ಕಟ್ಟಿದ್ದ ಲೇಸನ್ನು ಎಳೆದು ಬಿಚ್ಚಿದ.

“ಸಕ್ಕರೆ ಸ್ವಲ್ಪ ಜಾಸ್ತಿ ಇರಲಿ ಅಮ್ಮಾ,” ಎಂದ, ಆಕೆಯನ್ನೇ ನೋಡುತ್ತಾ.