ಡ್ಯಾಶ್‌ಬೋರ್ಡಿನ ಬಿಳಿ ಸ್ವಿಚ್

"ಮುಟ್ಟಬೇಡಿ!"

ಕೂಗು ಕೇಳಿ ತಿರುಗುವಷ್ಟರಲ್ಲಿ ಯಾರೋ ಸಿರಿಯ ಮುಂಗೈ ಹಿಡಿದು ಹಿಂದಕ್ಕೆ ಎಳೆದಿದ್ದರು. ಅವಳು ಅರ್ಧ ತಿರುಗಿಸಿದ್ದ ಕಾರಿನ ರೇಡಿಯೇಟರಿನ ಮುಚ್ಚಳ ಹಾರಿಹೋಯಿತು. ಕುದಿಯುವ ನೀರು ಆಳೆತ್ತರಕ್ಕೆ ಚಿಮ್ಮಿತು!

ಮಾಚೇನಹಳ್ಳಿ ದಾಟಿದ ಮೇಲಿನ ರಸ್ತೆ. ಏಪ್ರಿಲ್ ತಿಂಗಳ ಸಂಜೆಬಿಸಿಲು. ಭದ್ರಾವತಿ ಕಡೆ ಹೋಗುತ್ತಿದ್ದ ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಗೆ ಬಂದವು.

"ಏನ್ ಮೇಡಂ ನೀವು! ಬಿಸಿ ಇರುವಾಗ ಮುಚ್ಚಳ ತೆಗೀತಾರಾ ಯಾರಾದ್ರೂ? ಮುಖ ಬೆಂದು ಹೋಗ್ತಿತ್ತು!"

ಎಳೆದವನ ಕಣ್ಣು ಸಿರಿಯ ಕೈ ಮೇಲೆ ಬಿತ್ತು.

"ಅಯ್ಯೋ... ಕೈ ಸುಟ್ಟಿದೆ ನಿಮ್ಮದು!"

"ಹೌದಾ?"

ಬೇರೆ ಯಾರದೋ ಕೈ ನೋಡುವಂತೆ ಅವಳು ತನ್ನ ಕೈ ನೋಡಿಕೊಂಡಳು. ಮಣಿಕಟ್ಟಿನ ಮೇಲೆ ಚರ್ಮ ಕೆಂಪಾಗಿತ್ತು.

ಅವನು ಬೈಕಿನಿಂದ ಬಾಟಲಿ ತಂದು ಕೈ ಮೇಲೆ ನೀರು ಸುರಿದ. "ಉರೀತಿಲ್ವಾ?"

"ಗೊತ್ತಾಗ್ಲಿಲ್ಲ."

ಅವನ ಹೆಸರು ಶಿವಯೋಗಿ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಗ್ಯಾರೇಜು. ಯಾವುದೋ ಬಿಡಿಭಾಗ ತರಲು ಭದ್ರಾವತಿಗೆ ಹೊರಟಿದ್ದವನು ರಸ್ತೆಬದಿಯ ಹೊಗೆ ನೋಡಿ ನಿಂತಿದ್ದ. ಇಂಜಿನ್ನಿನ ಬಿಸಿ ತೋರಿಸುವ ಮೀಟರ್ ನೋಡಲೆಂದು ಕಾರಿನೊಳಗೆ ಕೂತು ಕೀ ತಿರುಗಿಸಿದವನು ಮರುಕ್ಷಣವೇ ಮುಖ ಹಿಂದಕ್ಕೆ ಎಳೆದುಕೊಂಡ. ಒಳಗಿಂದ ಒಲೆಯ ಬಾಯಿಯ ಹಾಗೆ ಬಿಸಿಗಾಳಿ!

"ಏಪ್ರಿಲ್‌ನಲ್ಲಿ ಹೀಟರ್ ಹಾಕಿದೀರಾ?"

"ಮುಳ್ಳು ಮೇಲೆ ಹೋದ್ರೆ ಹೀಟರ್ ಹಾಕ್ಬೇಕು, ಇಂಜಿನ್ನಿನ ಬಿಸಿ ಒಳಗೆ ಬಂದುಬಿಡುತ್ತೆ ಅಂತ ಅವರು ಹೇಳ್ಕೊಟ್ಟಿದ್ರು."

"ಅದೇನೋ ಸರಿ. ನಿಮಗೆ ಸೆಕೆ ಆಗಲ್ವಾ?"

ಸಿರಿ ಯೋಚಿಸಿದಳು. ಸೆಕೆ... ಆಗುತ್ತಿತ್ತೋ ಏನೋ. ಗಮನಿಸಿರಲಿಲ್ಲ.

"ಇದೇನಿದು! ಗೋಡೆ ಸ್ವಿಚ್ಚು!" ಡ್ಯಾಶ್‌ಬೋರ್ಡಿನ ಮೇಲೆ ಕೂತಿದ್ದ ಬಿಳಿ ಸ್ವಿಚ್ಚನ್ನು ನೋಡಿ ಅವನು ನಕ್ಕೇಬಿಟ್ಟ. ಮನೆಗಳಲ್ಲಿ ಬಲ್ಬಿಗೆ ಹಾಕುವಂಥದ್ದು.

"ರೇಡಿಯೇಟರ್ ಫ್ಯಾನಿಗೆ. ಮುಳ್ಳು ಅರ್ಧ ದಾಟಿದ ಕೂಡ್ಲೇ ಒತ್ತಬೇಕು. ಅವರೇ ಹಾಕಿದ್ದು."

"ಯಜಮಾನರಾ? ಭಾರಿ ಕಿಲಾಡಿ ಬಿಡಿ! ಮನೇಲಿ ಸ್ವಿಚ್ ಉಳಿದಿತ್ತು ಅಂತ ಕಾಣ್ಸುತ್ತೆ."

ಆಗಲೇ ಹೇಳಬಹುದಿತ್ತು... ಅವರಿಲ್ಲ ಎಂದು. ನಾಲಿಗೆ ತುದಿಗೆ ಬಂದಿತ್ತು. ಸಿರಿ ಹೇಳಲಿಲ್ಲ.

"ಹೌದು. ಕಿಲಾಡಿ," ಎಂದಳು.

* * *

ರೂಪೇಶ್ ತೀರಿಕೊಂಡು ಮೂರು ವರ್ಷವಾಗಿತ್ತು. ಒಂದು ಜ್ವರ. ಬಂದದ್ದೂ ಬೇಗ, ಮುಗಿಸಿದ್ದೂ ಬೇಗ.

ಆಮೇಲೂ ಸಿರಿ ಭದ್ರಾವತಿಯ ಜನ್ನಾಪುರದ ಅದೇ ಮನೆಯಲ್ಲಿ ಅತ್ತೆ, ಮಾವನ ಜೊತೆಗೇ ಉಳಿದಳು. ಶಿವಮೊಗ್ಗದ ದುರ್ಗಿಗುಡಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಳು. ಹೋಗಿಬರಲು ರೂಪೇಶನ ಹಳೆಯ ನೀಲಿ ಕಾರು. ದಾರಿಯಲ್ಲಿ ಮುಳ್ಳು ಏರುತ್ತಿತ್ತು, ಅವಳು ಸ್ವಿಚ್ ಒತ್ತುತ್ತಿದ್ದಳು, ಮುಂದೆ ಫ್ಯಾನ್ ಗರ್ರೆನ್ನುತ್ತಿತ್ತು. ಅವನೇ ಪಕ್ಕದಲ್ಲಿ ಕೂತು 'ಹ್ಞಾಂ, ಈಗ ಒತ್ತು' ಎಂದ ಹಾಗೆ! ದಿನಕ್ಕೆ ಅಷ್ಟಿದ್ದರೆ ಅವಳಿಗೆ ಸಾಕಿತ್ತು.

ಆದರೆ ಕಾರು ಆಗಾಗ ದಾರಿಯಲ್ಲೇ ನಿಲ್ಲತೊಡಗಿತ್ತು. ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆ ಮುಂದೆ ಕೆಲಸ ಮಾಡಿ ನಿವೃತ್ತರಾದ ಮಾವ ಹೊನ್ನಯ್ಯನವರು ಹೇಳಿಯೇಬಿಟ್ಟಿದ್ದರು. "ಬೆಂಕಿ ಅಂದ್ರೆ ಏನು ಅಂತ ನಂಗೊತ್ತು ಸಿರಿ. ಇನ್ನೊಂದು ಸಲ ಇದು ದಾರೀಲಿ ಹೊಗೆ ಎಬ್ಬಿಸಿದ್ರೆ ಮಾರಿಬಿಡ್ತೀನಿ."

ಹಾಗಾಗಿ ಶಿವಯೋಗಿ ಕಾರನ್ನು ಗ್ಯಾರೇಜಿಗೆ ಎಳೆಸಿಕೊಂಡು ಹೋದಾಗ ಅವಳು ಕೇಳಿದ್ದು ಒಂದೇ ಮಾತು.

"ಇದು ಸರಿ ಹೋಗುತ್ತಾ? ಹೋಗದಿದ್ರೆ ಮಾರಿಬಿಡ್ತಾರೆ."

"ಮಾರೋಕೆ ಬಿಡಲ್ಲ ಮೇಡಂ. ಆದ್ರೆ ಟೈಮ್ ಬೇಕು."

ಕಾಲೇಜು ಮುಗಿಸಿ ಅವಳು ಗ್ಯಾರೇಜಿಗೆ ಹೋಗಿ ನೋಡಿಕೊಂಡು ಬರತೊಡಗಿದಳು. ಅವನು ಹಳೆಯ ರೇಡಿಯೇಟರ್ ಬಿಚ್ಚಿ ತೋರಿಸಿದ. ಬೋರ್‌ವೆಲ್ ನೀರು ಹಾಕಿ ಹಾಕಿ ಒಳಗಿನ ಕೊಳವೆಗಳಲ್ಲಿ ಬಿಳಿ ಗಸಿ ಕಲ್ಲಿನಂತೆ ಕಟ್ಟಿತ್ತು.

"ಇದಕ್ಕಿಂತ ದಪ್ಪದ್ದು ಹೊಸದು ಹಾಕ್ತೀನಿ. ದೊಡ್ಡ ಫ್ಯಾನ್. ಇನ್ಮೇಲೆ ಕೂಲಂಟ್ ಮಾತ್ರ, ನೀರು ಬೇಡ. ಮತ್ತೆ ಇಲ್ಲೊಂದು ಥರ್ಮೋಸ್ಟಾಟ್ ಇರ್ಬೇಕಿತ್ತು, ಯಾರೋ ಕಿತ್ತು ಬಿಸಾಕಿದಾರೆ."

"ಅದೇನು ಮಾಡುತ್ತೆ?"

"ಇಂಜಿನ್ ಬೆಚ್ಚಗಾಗೋವರೆಗೂ ನೀರನ್ನ ತಡೆದು ನಿಲ್ಸುತ್ತೆ."

"ಬೆಚ್ಚಗೂ ಆಗ್ಬೇಕಾ?"

"ಮತ್ತೆ! ತಣ್ಣಗೇ ಓಡ್ತಾ ಇದ್ರೆ ಒಳಗೇ ಸವೆದು ಹೋಗುತ್ತೆ."

ಮರುದಿನವೂ ಸಿರಿ ಬಂದಳು.

ಅವನು ಕೈಗೆ ಗ್ರೀಸು ಮೆತ್ತಿಕೊಂಡೇ ಮಾತಾಡುತ್ತಿದ್ದ. "ಯಜಮಾನರಿಗೆ ಕಾಫಿನಾ, ಟೀನಾ?"

"ಟೀ. ಶುಂಠಿ ಜಜ್ಜಿ ಹಾಕಿದ್ದು."

"ಕೋಪ ಜಾಸ್ತಿನಾ?"

"ಕ್ರಿಕೆಟ್ ನೋಡುವಾಗ ಮಾತ್ರ."

"ಒಂದು ದಿನ ಕರ್ಕೊಂಡು ಬನ್ನಿ ಮೇಡಂ. ಆ ಸ್ವಿಚ್ ಹಾಕಿದ ಕೈಗೆ ನಮಸ್ಕಾರ ಮಾಡ್ಬೇಕು."

ಸಿರಿ ನಕ್ಕಳು! ನಕ್ಕ ಸದ್ದು ಕೇಳಿ ಅವಳಿಗೇ ಗಾಬರಿಯಾಯಿತು.

ಮನೆಯಲ್ಲಿ ರೂಪೇಶನ ಹೆಸರು ಬಂದರೆ ಎಲ್ಲರ ದನಿ ತಗ್ಗುತ್ತಿತ್ತು. ಕಾಲೇಜಿನಲ್ಲಿ ಮಾತೇ ನಿಲ್ಲುತ್ತಿತ್ತು. ಆ ಗ್ಯಾರೇಜಿನ ಕಬ್ಬಿಣದ ಸ್ಟೂಲಿನ ಮೇಲೆ ಅವಳು ಕೂತು ಮಾತಾಡುವಾಗ ಮಾತ್ರ ರೂಪೇಶ್ ಇನ್ನೂ ಟೀ ಕುಡಿಯುತ್ತಿದ್ದ, ಕ್ರಿಕೆಟ್ ನೋಡುತ್ತಿದ್ದ, ಸಂಜೆ ಮನೆಗೆ ಬರುತ್ತಿದ್ದ. ಅದನ್ನು ಕಳೆದುಕೊಳ್ಳಲು ಅವಳಿಗೆ ಧೈರ್ಯವಿರಲಿಲ್ಲ.

"ನಿಮ್ಮನೇಲಿ?" ಎಂದು ಒಮ್ಮೆ ಕೇಳಿದಳು.

"ನಾನೊಬ್ನೇ. ಶಿವಯೋಗಿ ಅಂತ ಹೆಸರಿಟ್ಟ ದಿನವೇ ನಮ್ಮಪ್ಪ ನನ್ನ ಮದುವೆ ಕಥೆ ಮುಗಿಸಿಬಿಟ್ರು."

ಅವಳು ಮತ್ತೆ ನಕ್ಕಳು. ಅವನು ಬಾನೆಟ್ಟಿನೊಳಗೆ ತಲೆ ಹಾಕಿಕೊಂಡ. ಆ ನಗು ಇನ್ನೊಮ್ಮೆ ಕೇಳಬೇಕು ಅನ್ನಿಸಿ ಅವನಿಗೆ ತನ್ನ ಮೇಲೇ ಸಿಟ್ಟು ಬಂದಿತ್ತು. 'ಇನ್ನೊಬ್ಬರ ಹೆಂಡತಿ ಕಣೋ. ಬೋಲ್ಟ್ ಬಿಗಿ ಮಾಡು...'

* * *

ಕಾರು ಸಿದ್ಧವಾದ ದಿನ ಸಿರಿ ಒಬ್ಬಳೇ ಓಡಿಸಿಕೊಂಡು ಹೊರಟಳು. ಮುಳ್ಳು ಅರ್ಧಕ್ಕಿಂತ ಕೆಳಗೆ ನಿಂತಿತ್ತು, ಅಲ್ಲಾಡಲಿಲ್ಲ. ಎಸಿಯಿಂದ ತಣ್ಣನೆ ಗಾಳಿ. ಮಾಚೇನಹಳ್ಳಿ ಬಂತು, ಹೋಯಿತು. ಶಿವಯೋಗಿ ಹೇಳಿದ ಯಾವುದೋ ತಮಾಷೆ ನೆನೆದು ಒಬ್ಬಳೇ ನಗುತ್ತಾ ಜನ್ನಾಪುರದ ಮನೆ ಮುಂದೆ ಬ್ರೇಕ್ ಹಾಕಿದಳು.

ಫ್ಯಾನ್ ಆರಿಸಲು ಕೈ ತಾನಾಗಿ ಮುಂದೆ ಹೋಯಿತು.

ಸ್ವಿಚ್ ಇರಲಿಲ್ಲ!

ಅಲ್ಲೊಂದು ನುಣುಪಾದ ಕಪ್ಪು ಪಟ್ಟಿ.

ಸ್ವಿಚ್ ಇಲ್ಲ ಎನ್ನುವುದಕ್ಕಿಂತ ದೊಡ್ಡದೊಂದು ಅವಳಿಗೆ ಆಗ ಹೊಳೆಯಿತು... ಶಿವಮೊಗ್ಗದಿಂದ ಇಲ್ಲಿಯವರೆಗೆ ಅದು ಇಲ್ಲವೆಂದೇ ಗೊತ್ತಾಗಿರಲಿಲ್ಲ. ಇಡೀ ದಾರಿ ರೂಪೇಶ್ ಒಂದು ಸಲವೂ ನೆನಪಾಗಿರಲಿಲ್ಲ.

ಅವಳು ಕಾರು ತಿರುಗಿಸಿದಳು.

"ಎಲ್ಲಿ ಅದು?" ಗ್ಯಾರೇಜಿನ ಬಾಗಿಲಲ್ಲೇ ಕೂಗಿದಳು.

ಶಿವಯೋಗಿ ಎದ್ದು ನಿಂತ. "ಏನಾಯ್ತು ಮೇಡಂ? ಮತ್ತೆ ಹೀಟ್ ಆಯ್ತಾ?"

"ಸ್ವಿಚ್ ಎಲ್ಲಿ?"

"ಓ ಅದಾ! ಅದರ ವೈರ್ ಕರಗಿ ಹೋಗಿತ್ತು. ಇನ್ನು ಸ್ವಲ್ಪ ದಿನಕ್ಕೆ ಬೆಂಕಿ ಹತ್ಕೊಳ್ತಿತ್ತು. ಈಗ ಸೆನ್ಸರ್ ಇದೆ, ಫ್ಯಾನ್ ತಾನಾಗೇ—"

"ನನ್ನ ಒಂದು ಮಾತು ಕೇಳಿದ್ರಾ ನೀವು?"

"ಇಲ್ಲ... ತಪ್ಪಾಯ್ತು. ಯಜಮಾನರಿಗೆ ಬೇಜಾರಾಗಿದ್ರೆ ಫೋನ್ ಕೊಡಿ, ನಾನೇ ಹೇಳ್ತೀನಿ. ಬೇಕಾದ್ರೆ ನನಗೇ ಬಯ್ಲಿ."

"ಬಯ್ಯೋಕೆ ಅವರಿಲ್ಲ!"

ಎದುರಿನ ಶೆಡ್ಡಿನಲ್ಲಿ ಗ್ರೈಂಡರ್ ನಿಂತಿತು.

"ಸತ್ತು ಮೂರು ವರ್ಷ ಆಯ್ತು! ಆ ಕಾರಲ್ಲಿ ಅವರ ಕೈ ಮುಟ್ಟಿದ್ದು ಅಂತ ಉಳಿದಿದ್ದು ಅದೊಂದೇ..."

'ಸತ್ತು' ಎಂಬ ಪದವನ್ನು ಅವಳು ಈವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ ಮೇಲೆ ಅಲ್ಲಿ ನಿಲ್ಲಲಾಗಲಿಲ್ಲ.

ಶಿವಯೋಗಿ ಕೈಲಿದ್ದ ಸ್ಪ್ಯಾನರ್ ಹಿಡಿದುಕೊಂಡೇ ನಿಂತಿದ್ದ. ಕೋಪ ಜಾಸ್ತಿನಾ ಎಂದು ಕೇಳಿದ್ದು, ಕರ್ಕೊಂಡು ಬನ್ನಿ ಎಂದದ್ದು... ಒಂದೊಂದೇ ನೆನಪಾಗಿ ಅವನ ತಲೆ ತಗ್ಗಿತು.

* * *

"ಅತ್ತೆ... ನಾನು ಅವರನ್ನ ಮರೆತೆ."

ಹಿತ್ತಲಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದ ಸುವರ್ಣಮ್ಮ ತಿರುಗಿ ನೋಡಿದರು. ಸಿರಿ ಅಳುತ್ತಿದ್ದಳು.

"ಎಲ್ಲಿಂದ ಎಲ್ಲಿವರೆಗೆ?"

"ಶಿವಮೊಗ್ಗದಿಂದ ಮನೆವರೆಗೆ."

"ಅಷ್ಟೇನಾ?" ಸುವರ್ಣಮ್ಮ ಸೊಸೆಯನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು. "ನಾನು ಹೆತ್ತವಳು ಮಾರಾಯ್ತಿ. ಧಾರಾವಾಹಿ ನೋಡುವಾಗ ನಾನೂ ಮರೀತೀನಿ. ಆಮೇಲೆ ನೆನಪಾಗ್ತಾನೆ. ಬಂದವನೇನು ಮುನಿಸ್ಕೊಂಡಿರಲ್ಲ."

ಸಿರಿ ಅತ್ತೆಯ ಹೆಗಲಿಗೆ ಮುಖ ಒತ್ತಿ, ಗ್ಯಾರೇಜಿನಲ್ಲಿ ಆದದ್ದನ್ನೆಲ್ಲ ಹೇಳಿದಳು.

"ಆ ಹುಡುಗನ ಮೇಲೆ ಕೂಗಾಡಿ ಬಂದ್ಯಾ?"

"ಹೂಂ. ಅವರದೇನೂ ತಪ್ಪಿರ್ಲಿಲ್ಲ ಅತ್ತೆ. ನಾನು ಮರೆತಿದ್ದಕ್ಕೆ ಅವರನ್ನ ಬೈದೆ."

"ಮೂರು ವರ್ಷದಿಂದ ಈ ಮನೇಲಿ ನಿನ್ನ ಜೋರು ದನಿ ಕೇಳಿಲ್ಲ. ನಮ್ಮ ಮೇಲೂ ಒಂದು ಸಲ ಕೂಗು, ನೋಡೋಣ!"

ಅಳುವಿನ ನಡುವೆಯೇ ಸಿರಿಗೆ ನಗು ಬಂತು. ಆದರೂ ಮರುದಿನದಿಂದ ಅವಳು ಬಸ್ಸಿಗೆ ಹೋಗತೊಡಗಿದಳು. ಕಾರಿನ ಮೇಲೆ ಹೊದಿಕೆ ಬಿತ್ತು. ಹೊನ್ನಯ್ಯ ಎರಡು ದಿನ ನೋಡಿದರು, ಮೂರನೇ ದಿನ ಯಾರಿಗೋ ಫೋನ್ ಮಾಡಿದರು. "ಭಾನುವಾರ ಗಿರಾಕಿ ಬರ್ತಾರೆ. ಓಡಿಸಲ್ಲ ಅಂದ್ಮೇಲೆ ಇಟ್ಕೊಂಡು ಏನು ಮಾಡೋದು?"

ಸಿರಿ ಬೇಡ ಎನ್ನಲಿಲ್ಲ. ಬೇಕು ಎನ್ನಲೂ ಬಾಯಿ ಬರಲಿಲ್ಲ.

* * *

ಭಾನುವಾರ ಬೆಳಗ್ಗೆ ಗೇಟು ಸದ್ದಾಯಿತು.

"ಬನ್ನಿ ಬನ್ನಿ, ಗಾಡಿ ಅಲ್ಲಿದೆ ನೋಡಿ. ಹೊಸ ರೇಡಿಯೇಟರ್ ಹಾಕ್ಸಿದೀವಿ," ಎಂದರು ಹೊನ್ನಯ್ಯ.

"ಗೊತ್ತು ಸಾರ್, ಹಾಕಿದ್ದು ನಾನೇ. ಕೊಳ್ಳೋಕೆ ಬಂದಿಲ್ಲ. ಕಿತ್ತಿದ್ದನ್ನ ವಾಪಸ್ ಹಾಕೋಕೆ ಬಂದೆ."

ಆ ದನಿ ಕೇಳಿ ಸಿರಿ ಬಾಗಿಲಿಗೆ ಬಂದಳು. ಶಿವಯೋಗಿಯ ಅಂಗೈಯಲ್ಲಿ ಬಿಳಿ ಸ್ವಿಚ್ ಇತ್ತು. ಒಂದು ಮೂಲೆ ಕರಕಲಾಗಿತ್ತು.

"ಗುಜರಿ ಡಬ್ಬ ಪೂರ್ತಿ ಸುರಿದು ಹುಡುಕಿದೆ," ಎಂದ, ಅವಳ ಮುಖ ನೋಡದೆ.

ಹೊನ್ನಯ್ಯ ಆ ಸ್ವಿಚ್ಚನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ವಾಪಸ್ ಕೊಟ್ಟು, ಜೇಬಿನಿಂದ ಫೋನ್ ತೆಗೆದು ಪಕ್ಕಕ್ಕೆ ಹೋದರು. "ಗಾಡಿ ಕೊಡಲ್ಲ ಕಣಪ್ಪ, ಬರಬೇಡ," ಎಂದದ್ದು ಎಲ್ಲರಿಗೂ ಕೇಳಿಸಿತು.

ಕೆಲಸ ಮುಗಿಸಿ ಶಿವಯೋಗಿ ಸಿರಿಯನ್ನು ಡ್ರೈವರ್ ಸೀಟಿಗೆ ಕರೆದ. ತಾನು ಪಕ್ಕದಲ್ಲಿ ಕೂತ.

"ಈಗ ಬೇರೆ ವೈರ್ ಎಳೆದಿದೀನಿ, ರಿಲೇ ಹಾಕಿದೀನಿ. ಇದು ಸುಡಲ್ಲ. ಸೆನ್ಸರ್ ಅದರ ಪಾಡಿಗೆ ಅದು ಫ್ಯಾನ್ ಹಾಕುತ್ತೆ. ನಿಮಗೆ ಬೇಕು ಅನ್ಸಿದಾಗ ಈ ಸ್ವಿಚ್ ಒತ್ತಿ. ಎರಡೂ ಒಂದೇ ಫ್ಯಾನಿಗೆ. ಒಂದಿದೆ ಅಂತ ಇನ್ನೊಂದನ್ನ ಕೀಳಬೇಕಾಗಿಲ್ಲ... ನನಗೆ ಅದು ಮೊದಲೇ ಹೊಳೀಬೇಕಿತ್ತು."

ಸಿರಿ ಸ್ವಿಚ್ಚಿನ ಮೇಲೆ ಬೆರಳಾಡಿಸಿದಳು.

"ಸ್ಟಾರ್ಟ್ ಮಾಡಿ. ಕಿಟಕಿ ಮುಚ್ಚಿರಲಿ, ಎಸಿ ಬೇಡ. ಫ್ಯಾನ್ ತಾನಾಗೇ ಬರೋದನ್ನ ಕೇಳಿಸ್ಕೋಬೇಕು."

ಇಂಜಿನ್ ಗುನುಗತೊಡಗಿತು. ಇಬ್ಬರೂ ಮುಳ್ಳನ್ನೇ ನೋಡುತ್ತಾ ಕೂತರು.

"ನಿಮಗೆ ಸುಳ್ಳು ಹೇಳ್ಬೇಕು ಅಂತ ಇರ್ಲಿಲ್ಲ," ಎಂದಳು ಸಿರಿ. "ನಿಮ್ಮ ಮಾತಲ್ಲಿ ಅವರು ಇದ್ರು. ಅದಕ್ಕೇ ದಿನಾ ಬರ್ತಿದ್ದೆ." ಸ್ವಲ್ಪ ತಡೆದು, "ಮೊದಮೊದಲು ಅದಕ್ಕೇ," ಎಂದಳು.

ಶಿವಯೋಗಿ ಅವಳ ಕಡೆ ತಿರುಗಿದ.

"ನಂದೂ ಒಂದಿದೆ. ನಿಮ್ಮ ಯಜಮಾನರ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಅವರ ಬಗ್ಗೆ ಮಾತಾಡುವಾಗ ನಿಮ್ಮ ಮುಖ ಹಾಗಿರ್ತಿತ್ತು."

"ಈಗ?"

"ಈಗ ಗೌರವ..." ಎಂದವನು ತಲೆ ಕೆರೆದುಕೊಂಡ. "ಹೊಟ್ಟೆಕಿಚ್ಚೂ ಪೂರ್ತಿ ಹೋಗಿಲ್ಲ."

ಅವಳ ತುಟಿಯಂಚಿನಲ್ಲಿ ನಗು ಮೂಡಿತು.

"ಮುಂದಿನ ಭಾನುವಾರವೂ ಬರ್ತೀನಿ ಅಂದ್ರೆ ಬೇಜಾರಾಗುತ್ತಾ? ಕಾರು ನೋಡೋಕಲ್ಲ," ಎಂದ ಅವನು ಮೆಲ್ಲಗೆ. "ಈಗಲೇ ಹೇಳ್ಬೇಕಾಗಿಲ್ಲ. ಬಿಸಿ ಇರುವಾಗ..."

"...ಮುಚ್ಚಳ ತೆಗೀಬಾರದು," ಎಂದು ಅವಳೇ ಮುಗಿಸಿದಳು.

ಮುಳ್ಳು ಅರ್ಧ ಮುಟ್ಟಿತು. ಸಿರಿಯ ಬೆರಳು ಸ್ವಿಚ್ಚಿನ ಮೇಲೆ ಹೋಯಿತು. ಶಿವಯೋಗಿ ನೋಡಿದ, ತಡೆಯಲಿಲ್ಲ.

'ಹ್ಞಾಂ, ಈಗ ಒತ್ತು...' ಆ ದನಿ ಈಗಲೂ ಇತ್ತು. ಎಲ್ಲಿಗೂ ಹೋಗಿರಲಿಲ್ಲ. ಮರೆತರೂ ಹೋಗಿರಲಿಲ್ಲ.

ಅವಳು ಬೆರಳು ಹಿಂದಕ್ಕೆ ತೆಗೆದುಕೊಂಡು ಕಾದಳು.

ಗರ್ರ್...!

ಫ್ಯಾನ್ ತಾನಾಗಿ ತಿರುಗಿತು. ಮುಳ್ಳು ನಿಧಾನಕ್ಕೆ ಇಳಿಯಿತು.

"ಏನ್ರೋ ಅದು, ಕಾರೊಳಗೇ ಕೂತು ಬೇಯ್ತಾ ಇದೀರಾ?" ಅಡುಗೆಮನೆ ಕಿಟಕಿಯಿಂದ ಸುವರ್ಣಮ್ಮನ ದನಿ. "ಶುಂಠಿ ಟೀ ಇಟ್ಟಿದೀನಿ, ಬರ್ರೋ!"

ಇಬ್ಬರೂ ಅಲುಗಾಡಲಿಲ್ಲ.

"ಬನ್ನಿ," ಎಂದಳು ಸಿರಿ. "ಮುಂದಿನ ಭಾನುವಾರ. ಕಾರು ನೋಡೋಕಲ್ಲ."

ಅವನು ಮೆಲ್ಲಗೆ ತಲೆಯಾಡಿಸಿದ.

ಹಣೆಯಿಂದ ಇಳಿದ ಬೆವರು ಅವಳ ಕೆನ್ನೆಗೆ ಬಂತು. ಕೈಯಿಂದ ಮುಟ್ಟಿ ನೋಡಿಕೊಂಡಳು.

"ಶಿವಯೋಗಿ..."

"ಹ್ಞಾಂ?"

"ಸೆಕೆ ಆಗ್ತಿದೆ."

ಮಾಚೇನಹಳ್ಳಿಯ ಆ ಸಂಜೆ ಅವನ ಕಣ್ಣ ಮುಂದೆ ಬಂತು. ಕಣ್ಣು ತುಂಬಿಕೊಂಡದ್ದು ಕಾಣದಿರಲಿ ಎಂದು ಕಿಟಕಿ ಕಡೆ ತಿರುಗಿದ.

"ಗ್ಲಾಸ್ ಇಳಿಸ್ಲಾ?"

"ಬೇಡ," ಎಂದಳು ಸಿರಿ. "ಇನ್ನೊಂದು ಸ್ವಲ್ಪ ಹೊತ್ತು."